ಬೇಸಿನ್ ಪಕ್ಕದ ಟೇಬಲ್

ನಮ್ಮ ಹೋಟೆಲಿನಲ್ಲಿ ಯಾರಿಗೂ ಬೇಡದ ಟೇಬಲ್ ಒಂದಿದೆ. ಕೈ ತೊಳೆಯುವ ಬೇಸಿನ್ ಪಕ್ಕದಲ್ಲಿ ಗೋಡೆಗೆ ಒತ್ತಿಕೊಂಡಿದೆ. ಇಬ್ಬರು ಎದುರುಬದುರು ಕುಳಿತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಕೈ ತೊಳೆದವರು ನೀರು ಕೊಡವಿದರೆ ಒಂದೆರಡು ಹನಿ ಅಲ್ಲಿ ಕುಳಿತವರ ಸಾಂಬಾರಿಗೇ ಬೀಳುತ್ತದೆ. ಬೇರೆಲ್ಲ ತುಂಬಿದ ಮೇಲೆಯೇ ಗಿರಾಕಿಗಳು ಅತ್ತ ನೋಡುವುದು. ವಡೋದರಾದ ಈ ಮಂಜಲ್‌ಪುರದಲ್ಲಿ ಹೋಟೆಲು ಶುರು ಮಾಡಿದಾಗಲೇ ಅದನ್ನು ತೆಗೆದು ಐಸ್‌ಕ್ರೀಮಿನ ಪೆಟ್ಟಿಗೆ ಇಡೋಣ ಎಂದು ಹೆಂಡತಿ ಹೇಳಿದ್ದಳು. ನಾನು ಒಪ್ಪಲಿಲ್ಲ. ಇರುವ ಟೇಬಲ್ ತೆಗೆಯುವುದೆಂದರೆ ನನಗೆ ಒಳ್ಳೆಯ ಹಲ್ಲನ್ನು ಕೀಳಿಸಿಕೊಂಡ ಹಾಗೆ. ಕೊನೆಗೆ ಅದು ನಮ್ಮ ಮಗಳ ಟೇಬಲ್ ಆಯಿತು.

ಮಗಳಿಗೆ ಈಗ ಐದು ವರ್ಷ. ಮಧ್ಯಾಹ್ನ ಶಾಲೆಯ ವ್ಯಾನು ಅವಳನ್ನು ಮನೆಗಲ್ಲ, ಹೋಟೆಲಿಗೇ ತಂದು ಬಿಡುತ್ತದೆ. ಆ ಹೊತ್ತಿಗೆ ಮನೆಗೆ ಬೀಗ. ಹೆಂಡತಿ ಅಡುಗೆಮನೆಯ ಉಸ್ತುವಾರಿಯಲ್ಲಿ, ನಾನು ಗಲ್ಲಾದಲ್ಲಿ. ಅವಳು ಚೀಲ ಇಳಿಸಿ, ಕೈ ತೊಳೆದು, ಮೊಸರನ್ನ ತಿನ್ನುವಷ್ಟರಲ್ಲಿ ಮಕರ್ಪುರಾದ ಫ್ಯಾಕ್ಟರಿಗಳಿಂದ ಊಟದ ಜನ ಬರಲು ಶುರು. ಮೂರು ಗಂಟೆಯವರೆಗೆ ನಮ್ಮಿಬ್ಬರಿಗೂ ತಲೆ ಎತ್ತಲು ಪುರುಸೊತ್ತಿಲ್ಲ. ಮೊಬೈಲು ಕೊಡಬಾರದೆಂದು ಹೆಂಡತಿಯ ಕಟ್ಟಪ್ಪಣೆ. ಹಾಗಾದರೆ ಅಷ್ಟು ಹೊತ್ತು ಮಗು ಮಾಡುವುದಾದರೂ ಏನು?

ಅದಕ್ಕೆ ಉತ್ತರ ಸೂರತ್‌ನಿಂದ ಬಂತು. ಹೆಂಡತಿಯ ಅಣ್ಣನ ಹೋಟೆಲು ಅಲ್ಲಿದೆ. ಮಗಳಿಗೆ ಮೂರು ತುಂಬಿದ ಹೊಸತರಲ್ಲಿ ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಹೋಮದ ಹೊಗೆ, ನೆಂಟರ ಗದ್ದಲ, ಮಕ್ಕಳ ಓಡಾಟ. ಮಗಳು ಕಾಣಿಸಲಿಲ್ಲವೆಂದು ಹುಡುಕಿದರೆ ಒಳಕೋಣೆಯ ನೆಲದಲ್ಲಿ ಒಬ್ಬಳೇ ಕುಳಿತಿದ್ದಳು. ಎದುರಿಗೆ ಅಣ್ಣನ ಮಕ್ಕಳ ಹಳೆಯ ಮರದ ಪಜಲ್. ಹಸು, ಬೆಕ್ಕು, ಬಾತುಕೋಳಿ ತಮ್ಮ ತಮ್ಮ ಗುಳಿಯಲ್ಲಿ ಕೂರುವಂಥದು. ಅವಳು ಹಸುವನ್ನು ಬೆಕ್ಕಿನ ಗುಳಿಗೆ ಒತ್ತುತ್ತಿದ್ದಳು. ಕೂರಲಿಲ್ಲ. ತಿರುಗಿಸಿ ಒತ್ತಿದಳು. ಕೂರಲಿಲ್ಲ. ನನಗೆ ತಡೆಯಲಾಗದೆ ಕೈ ಹಾಕಹೋದೆ.

"ಸುಮ್ನಿರಿ ಮಾರಾಯ್ರೆ, ಅವಳಿಗೇ ಸಿಗ್ತದೆ," ಎಂದು ಹೆಂಡತಿಯ ಅಣ್ಣ ನನ್ನ ತೋಳು ಹಿಡಿದರು.

ಸಿಕ್ಕಿತು. ಹಸು ತನ್ನ ಗುಳಿಯಲ್ಲಿ ಕುಳಿತಾಗ ಮಗಳು ಚಪ್ಪಾಳೆ ತಟ್ಟಲಿಲ್ಲ, ನಮ್ಮತ್ತ ನೋಡಲೂ ಇಲ್ಲ. ದೊಡ್ಡದಾಗಿ ಉಸಿರು ಬಿಟ್ಟು ಬೆಕ್ಕನ್ನು ಎತ್ತಿಕೊಂಡಳು. ಎಲ್ಲವನ್ನೂ ಕೂರಿಸಿದ ಮೇಲೆ ಹಲಗೆಯ ಮೇಲೆ ಅಂಗೈ ಇಟ್ಟು ಒಂದು ಸಲ ಪೂರ್ತಿ ಸವರಿದಳು. ಊಟಕ್ಕೆ ಕರೆದರೂ ಏಳಲಿಲ್ಲ. ಹೊರಡುವಾಗ ಆ ಪಜಲ್ ನಮ್ಮ ಚೀಲದಲ್ಲಿತ್ತು.

ಆಮೇಲೆ ಸೂರತ್‌ನಿಂದ ಯಾರೇ ಬರಲಿ, ಒಂದು ಡಬ್ಬಿ ಬರುತ್ತಿತ್ತು. ಮರದ್ದು ಹೋಗಿ ರಟ್ಟಿನದು ಬಂತು. ನಾಲ್ಕು ತುಂಡಿನ ಮಾವಿನಹಣ್ಣು ಹೋಗಿ, ಸೊಂಡಿಲು ಒಂದು ಕಡೆ ಬಾಲ ಒಂದು ಕಡೆ ಆಗಿ ಬಿದ್ದಿರುವ ಆನೆ ಬಂತು. ಹೆಂಡತಿ ಇದನ್ನೆಲ್ಲ ಆಟ ಎಂದಳು. ನನಗೂ ಹಾಗೇ ಅನಿಸಿತ್ತು. ಆದರೆ ಗಲ್ಲಾದಿಂದ ಆಗಾಗ ಕತ್ತು ಚಾಚಿ ನೋಡುತ್ತ ನೋಡುತ್ತ ನನಗೇ ಅರ್ಥವಾಗತೊಡಗಿತು. ಮೊದಲು ಸಿಕ್ಕ ತುಂಡನ್ನು ಸಿಕ್ಕಲ್ಲಿ ತುರುಕುತ್ತಿದ್ದವಳು, ಒಂದು ದಿನ ನೇರ ಅಂಚಿರುವುದನ್ನೆಲ್ಲ ಬೇರೆ ಗುಡ್ಡೆ ಮಾಡಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಇನ್ನೊಂದು ದಿನ ತುಂಡನ್ನು ಕೈಗೆತ್ತಿಕೊಳ್ಳದೆ ಬರೀ ನೋಡಿದಳು. ತಲೆಯನ್ನೇ ಆಚೆ ವಾಲಿಸಿ ಈಚೆ ವಾಲಿಸಿ, ಆಮೇಲೆ ಎತ್ತಿ ಒಂದೇ ಏಟಿಗೆ ಕೂರಿಸಿದಳು. ಆನೆ ಜೋಡಿಸಿ ಕಲಿತದ್ದು ಅಡುಗೆಮನೆಗೂ ಹೋಯಿತು. ನಮ್ಮಲ್ಲಿ ಪಾತ್ರೆಗಳಿಗೆ ಮುಚ್ಚಳ ಹುಡುಕುವುದೇ ದೊಡ್ಡ ತಲೆನೋವು. ಇವಳು ರಾಶಿಯಲ್ಲಿ ಕಣ್ಣಾಡಿಸಿ, "ಮಮ್ಮಿ, ಇದಕ್ಕೆ ಅದು," ಎಂದು ಬೆರಳು ತೋರಿಸುತ್ತಿದ್ದಳು. ತಪ್ಪುತ್ತಿರಲಿಲ್ಲ.

ಇನ್ನೊಂದು ಲಾಭವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಮ್ಮ ಮಗಳಿಗೆ ಗುಜರಾತಿ ನೀರು ಕುಡಿದ ಹಾಗೆ, ಹಿಂದಿ ಬೇಕಾದಷ್ಟು, ಕನ್ನಡ ಮಾತ್ರ ಕರೆದಾಗ ಬರುವ ನೆಂಟರ ಹಾಗೆ. ಊರಿಗೆ ಫೋನು ಮಾಡಿದರೆ ಅಜ್ಜಿಯ ಹತ್ತಿರ ಎರಡು ಮಾತಾಡಿ ಫೋನು ನನ್ನ ಕೈಗೆ ತುರುಕುತ್ತಾಳೆ. ಆದರೆ ಪಜಲ್ ಎದುರಿಗಿದ್ದಾಗ ಕನ್ನಡ ತಾನಾಗಿ ಬರುತ್ತಿತ್ತು. ಮೇಲೆ, ಕೆಳಗೆ, ಪಕ್ಕದಲ್ಲಿ, ಉಲ್ಟಾ ಮಾಡು, ಇದಲ್ಲ, ಇದರ ಕಿವಿ ಎಲ್ಲಿ. ಊಟದ ಗದ್ದಲ ಶುರುವಾಗುವ ಮೊದಲಿನ ಆ ಸ್ವಲ್ಪ ಹೊತ್ತು ನಾನೂ ಅವಳ ಎದುರು ಕುಳಿತಿರುತ್ತಿದ್ದೆ. ನಮ್ಮಿಬ್ಬರ ಕನ್ನಡವೆಲ್ಲ ಆ ಸಣ್ಣ ಟೇಬಲಿನ ಮೇಲೆಯೇ ನಡೆದದ್ದು.

ಇಷ್ಟು ಚಂದ ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕಲ್ಲ.

ನಾನು ಹೋಟೆಲಿನಲ್ಲೇ ಬೆಳೆದವನು. ಅಪ್ಪನ ಹೋಟೆಲು ಅಹಮದಾಬಾದಿನ ನರೋಡಾದಲ್ಲಿ, ಕಾರ್ಖಾನೆಗಳ ನಡುವೆ ಇತ್ತು. ಅಲ್ಲಿಯವರಿಗೆ ಊಟಕ್ಕೆ ಬಿಡುವು ಸಿಗುವುದೇ ಅರ್ಧ ಗಂಟೆ. ಅಷ್ಟರಲ್ಲಿ ಒಂದು ಟೇಬಲಿಗೆ ಮೂರು ಪಂಕ್ತಿ ಕೂತು ಎದ್ದರೆ ಹೋಟೆಲು ನಡೆದ ಹಾಗೆ, ಇಲ್ಲವಾದರೆ ಇಲ್ಲ. ಯಾರು ಕೊನೆಯ ತುತ್ತಿನಲ್ಲಿದ್ದಾರೆ, ಯಾರು ಇನ್ನೊಂದು ಚಪಾತಿ ಕೇಳುತ್ತಾರೆ ಎಂದು ಅಪ್ಪ ಗಲ್ಲಾದಲ್ಲಿ ಕುಳಿತೇ ಹೇಳುತ್ತಿದ್ದರು. ನಾನು ಶಾಲೆಯಿಂದ ಬಂದು ಖಾಲಿ ಟೇಬಲಿನಲ್ಲಿ ಪುಸ್ತಕ ಬಿಚ್ಚಿದರೆ, ಗಿರಾಕಿ ಬಂದೊಡನೆ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಆ ಕಣ್ಣು, ಆ ಕೈ ನನಗೆ ಅಪ್ಪನಿಂದ ಬಂದ ಆಸ್ತಿ. ಟೇಬಲ್ ಒರೆಸಲು ಹುಡುಗರಿದ್ದಾರೆ, ಆದರೂ ಗದ್ದಲದ ಹೊತ್ತಿನಲ್ಲಿ ನಾನೇ ಎದ್ದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಟೇಬಲ್ ಖಾಲಿ. ಇದರ ಬಗ್ಗೆ ನನಗೆ ಜಂಬವಿತ್ತು. ಈಗಲೂ ಇಲ್ಲವೆಂದರೆ ಸುಳ್ಳಾದೀತು.

ಬೇರೆಲ್ಲ ತುಂಬಿದಾಗ ಬೇಸಿನ್ ಪಕ್ಕದ ಟೇಬಲೂ ಬೇಕಾಗುತ್ತದೆ. ದಿನಾ ಬೇಕಾಗುತ್ತಿತ್ತು. ನಾನು ಗಲ್ಲಾದಿಂದ ಎದ್ದು ಹೋಗಿ, ಒಂದು ಕೈಯಲ್ಲಿ ಡಬ್ಬಿ ಹಿಡಿದು ಇನ್ನೊಂದು ಕೈಯಿಂದ ತುಂಡುಗಳನ್ನು ಒಳಕ್ಕೆ ಬಳಿಯುತ್ತಿದ್ದೆ. ಜೋಡಿಸಿದ್ದು, ಜೋಡಿಸದ್ದು, ಎಲ್ಲ ಒಟ್ಟಿಗೆ. ಗದರಿದವನಲ್ಲ. "ಆನೆಗೆ ನಿದ್ದೆ ಬಂತು, ನಾಳೆ ಏಳಿಸುವ," ಎಂದು ತಮಾಷೆ ಮಾಡುತ್ತಿದ್ದೆ. ಮೊದಮೊದಲು ಅವಳು ಅತ್ತಳು. "ಇನ್ನೂ ಬಾಲ ಬರ್ಲಿಲ್ಲ ಪಪ್ಪಾ," ಎಂದು ನನ್ನ ಕೈ ಹಿಡಿದು ಎಳೆದಳು. ಗಿರಾಕಿ ಎದುರಿಗೆ ನಿಂತಿರುವಾಗ ಆನೆಯ ಬಾಲಕ್ಕೆ ಯಾರು ಕಾಯುತ್ತಾರೆ? ಅವಳನ್ನು ಎತ್ತಿ ತಂದು ಗಲ್ಲಾದ ಪಕ್ಕ ನಿಲ್ಲಿಸಿ, ಊಟವಾದವರಿಗೆ ಇಡುವ ಬಟ್ಟಲಿನಿಂದ ಸೋಂಪು-ಕಲ್ಲುಸಕ್ಕರೆ ತೆಗೆದು ಅಂಗೈಗೆ ಹಾಕುತ್ತಿದ್ದೆ. ಅಳು ನಿಲ್ಲುತ್ತಿತ್ತು.

ಕೆಲವು ವಾರಗಳಲ್ಲಿ ಅಳುವುದೇ ನಿಂತಿತು. ಆಮೇಲೆ ನಾನು ಎದ್ದೊಡನೆ ಅವಳೇ ಡಬ್ಬಿ ಎತ್ತಿಕೊಳ್ಳತೊಡಗಿದಳು. ಮತ್ತೂ ಸ್ವಲ್ಪ ದಿನಕ್ಕೆ ನಾನು ಏಳುವುದೂ ಬೇಡವಾಯಿತು. ಬಾಗಿಲಲ್ಲಿ ಜನ ಕಂಡರೆ ಸಾಕು, ತುಂಡುಗಳನ್ನು ಬಳಿದು ಡಬ್ಬಿಗೆ ಹಾಕಿ, ಪುಟ್ಟ ಅಂಗೈಯಿಂದ ಟೇಬಲ್ ಒರೆಸಿ, ಕುರ್ಚಿ ಒಳಕ್ಕೆ ತಳ್ಳಿ, ಗಲ್ಲಾಕ್ಕೆ ಬಂದು ಕೈ ಚಾಚುತ್ತಿದ್ದಳು. ಗಿರಾಕಿಗಳಿಗೆ ಅದೊಂದು ಚೋದ್ಯ. "ಕೇಟ್ಲಿ ಡಾಹಿ ದೀಕ್ರಿ!" ಎಂದು ಕೆನ್ನೆ ಹಿಂಡುತ್ತಿದ್ದರು. ಎಂಥ ಜಾಣ ಮಗಳು ಎಂದು. ನಾನು ಸೋಂಪಿನ ಬಟ್ಟಲಿಗೆ ಕೈ ಹಾಕುತ್ತ, ಹೋಟೆಲಿನ ಮಗು ಅಲ್ಲವಾ, ಹೇಳಿಕೊಡಬೇಕಾಗಿಲ್ಲ ಎಂದು ಬೀಗುತ್ತಿದ್ದೆ. ಆ ಮಾತು ನೆನಪಾದಾಗಲೆಲ್ಲ ನನ್ನ ಮುಖಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಈ ವರ್ಷ ಶಾಲೆಯಲ್ಲಿ ತಂದೆತಾಯಿಯರನ್ನು ಕರೆದು ತರಗತಿಯ ಹಿಂದೆ ಕುಳಿತು ಮಕ್ಕಳನ್ನು ನೋಡಲು ಹೇಳಿದರು. ಹೆಂಡತಿಯೂ ನಾನೂ ಆ ಗೇಣುದ್ದದ ಕುರ್ಚಿಗಳಲ್ಲಿ ಮುದುರಿ ಕುಳಿತೆವು. ಮಕ್ಕಳ ಎದುರು ಒಂದೊಂದು ಪಜಲ್ ಇಟ್ಟರು. ನನ್ನ ಎದೆ ಉಬ್ಬಿತು. ಇದು ನಮ್ಮ ಮೈದಾನ. ಉಳಿದ ಮಕ್ಕಳು ತುಂಡನ್ನು ಬಾಯಿಗೆ ಹಾಕುವುದು, ಪಕ್ಕದವನದನ್ನು ಕಸಿಯುವುದು ಮಾಡುತ್ತಿದ್ದಾಗ ನಮ್ಮವಳು ಅಂಚಿನ ತುಂಡುಗಳನ್ನು ಆಗಲೇ ಬೇರೆ ಮಾಡಿದ್ದಳು. ಹಡಗೊಂದರ ಚಿತ್ರ ಸರಸರ ಮೂಡುತ್ತಿತ್ತು. ಹೆಂಡತಿಗೆ ಮೊಣಕೈಯಿಂದ ತಿವಿದೆ. ಇನ್ನು ಮೂರೋ ನಾಲ್ಕೋ ತುಂಡು ಇರುವಾಗ ಟೀಚರು ನೋಡಲೆಂದು ಅವಳತ್ತ ನಡೆದು ಬಂದರು. ಮಗಳು ತಲೆ ಎತ್ತಿದಳು. ಮರುಕ್ಷಣ ಹಡಗು ಡಬ್ಬಿಯೊಳಗಿತ್ತು. ಟೇಬಲ್ ಒರೆಸಿದಳು. ಎದ್ದು ಕುರ್ಚಿ ಒಳಕ್ಕೆ ತಳ್ಳಿ, ಕೈ ಕಟ್ಟಿ ಪಕ್ಕಕ್ಕೆ ಸರಿದು ನಿಂತಳು.

ಹೆಂಡತಿಗೆ ತಿವಿದ ಮೊಣಕೈಯನ್ನು ನಾನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ.

ಮಕ್ಕಳನ್ನು ಆಟಕ್ಕೆ ಬಿಟ್ಟ ಮೇಲೆ ಟೀಚರು ನಮ್ಮನ್ನು ಕೂರಿಸಿಕೊಂಡು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. ದಿನಾ ಹೀಗೇ ಆಗುತ್ತದೆ. ಚಿತ್ರ ಬರೆಯುವಾಗಲೂ ಅಷ್ಟೆ, ಅಕ್ಷರ ಬರೆಯುವಾಗಲೂ ಅಷ್ಟೆ. ಯಾರಾದರೂ ಹತ್ತಿರ ಬಂದರೆ ಅರ್ಧಕ್ಕೇ ಮುಚ್ಚಿಡುತ್ತಾಳೆ. ಬುದ್ಧಿಗೇನೂ ಕೊರತೆಯಿಲ್ಲ, ಕಣ್ಣೂ ಕೈಯೂ ಬಹಳ ಚುರುಕು. ಆದರೆ ಮಕ್ಕಳ ಕೈಗೆ ನಾವು ಪಜಲ್ ಕೊಡುವುದು ಬರೀ ಅದಕ್ಕಲ್ಲ. ಸರಿಯಾದ ತುಂಡು ಸಿಗದಿದ್ದಾಗ ಎದ್ದು ಹೋಗದೆ ಕುಳಿತಿರುವುದನ್ನು ಕಲಿಯಲಿ, ಕೊನೆಗೆ ಇಡೀ ಚಿತ್ರ ನೋಡಿ ಇದನ್ನು ನಾನು ಮಾಡಿದೆ ಅನ್ನಲಿ ಅಂತ. ಅದು ಅವಳಿಗೆ ಇನ್ನೂ ಸಿಕ್ಕಿಲ್ಲ. ಒಂದನೇ ತರಗತಿಗೆ ಕಳಿಸುವ ಮೊದಲು ಅವಳು ಒಂದಾದರೂ ಕೆಲಸ ನಾಲ್ಕು ಜನರ ಎದುರು ಪೂರ್ತಿ ಮಾಡಿದ್ದನ್ನು ನಾನು ನೋಡಬೇಕು, ಇಲ್ಲವಾದರೆ ಇನ್ನೊಂದು ವರ್ಷ ಇಲ್ಲೇ ಇರಲಿ ಎಂದು ಹೇಳಬೇಕಾಗುತ್ತದೆ.

ಆಮೇಲೆ ಧ್ವನಿ ಇನ್ನಷ್ಟು ತಗ್ಗಿಸಿ ಕೇಳಿದರು, "ಮನೆಯಲ್ಲಿ ಯಾರಾದರೂ ಅವಳನ್ನು ಹೆದರಿಸುತ್ತೀರಾ?"

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಏನು ಮಾತಾಡುತ್ತಿದ್ದೀರಿ, ಈ ಮಗುವಿನ ಮೇಲೆ ನಾನು ಇವತ್ತಿನವರೆಗೆ ಕೈ ಎತ್ತಿಲ್ಲ ಎಂದು ಜೋರಾಗಿಯೇ ಹೇಳಿಬಿಟ್ಟೆ. ಆಚೆ ಆಡುತ್ತಿದ್ದ ಮಕ್ಕಳೂ ತಿರುಗಿ ನೋಡಿದರು. ಹೆಂಡತಿ ನನ್ನ ಪರವಾಗಿ ಕ್ಷಮೆ ಕೇಳಿ ಎಬ್ಬಿಸಿಕೊಂಡು ಬಂದಳು.

ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರು ಹೊರಡಿಸಿದೆ. ಸಿಗ್ನಲ್ಲಿನಲ್ಲಿ ನಿಂತಾಗ ನಾನೇ ಬಾಯಿ ಬಿಟ್ಟೆ. "ಅವರಿಗೆ ಎಂತ ಗೊತ್ತುಂಟು? ನಾನು ಹೆದರಿಸ್ತೇನಾ ಅವಳನ್ನು?"

"ಹೆದರಿಸ್ಲಿಲ್ಲ," ಎಂದಳು ಹಿಂದಿನಿಂದ. "ನೀವು ಬಂದದ್ದು ಕಂಡ್ರೆ ಟೇಬಲ್ ಬಿಡ್ಬೇಕು ಅಂತ ಅವಳಿಗೆ ಗೊತ್ತಾಗಿದೆ, ಅಷ್ಟೆ. ನಾನೂ ಒಳಗಿಂದ ನೋಡ್ತಾ ಇದ್ದೆ ಅಲ್ವಾ. ಒಂದ್ಸಲ ಆದ್ರೂ ಬಂದು ಬೇಡ ಅನ್ಲಿಲ್ಲ. ನನ್ನದೂ ತಪ್ಪೇ."

ಅವಳು ತಪ್ಪಿನಲ್ಲಿ ಪಾಲು ತೆಗೆದುಕೊಂಡದ್ದು ನನಗೆ ಇನ್ನಷ್ಟು ಕಷ್ಟವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮರುದಿನ ಬೆಳಿಗ್ಗೆ ಶಾಲೆಗೆ ರಜೆ ಇತ್ತು. ಆನೆಯ ಡಬ್ಬಿಯನ್ನು ಮನೆಯ ಹಾಲಿನಲ್ಲಿ ಚಾಪೆಯ ಮೇಲೆ ಬಿಚ್ಚಿಟ್ಟೆ. ಮಗಳು ಕುಳಿತು ಜೋಡಿಸತೊಡಗಿದಳು. ಹೆಂಡತಿ ಬೀನ್ಸ್ ಮುರಿಯುತ್ತ ಪಕ್ಕದಲ್ಲೇ ಇದ್ದಳು, ಏನೂ ತೊಂದರೆಯಿಲ್ಲ. ಆನೆಗೆ ಕಿವಿ ಬಂತು, ಸೊಂಡಿಲು ಬಂತು. ನನಗೆ ಆಸೆ ತಡೆಯಲಾಗಲಿಲ್ಲ. ಚಾ ಲೋಟ ಹಿಡಿದು ಹತ್ತಿರ ಹೋದೆ. ನನ್ನ ಕಾಲು ಚಾಪೆಯ ಅಂಚಿಗೆ ತಾಗುವ ಮೊದಲೇ ಆನೆ ಡಬ್ಬಿಗೆ ಹೋಗಿತ್ತು. ಮಗಳು ಎದ್ದು, ಚಾಪೆಯನ್ನು ಕೈಯಿಂದ ಒರೆಸಿ, ನಗುತ್ತ ನನಗೆ ಜಾಗ ತೋರಿಸಿದಳು. ಮನೆಯಲ್ಲಿ ಗಿರಾಕಿ ಯಾರೂ ಇರಲಿಲ್ಲ. ನಾನೊಬ್ಬನೇ ಇದ್ದೆ.

ಆ ಇಡೀ ದಿನ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಗಲ್ಲಾದಲ್ಲಿ ಕುಳಿತು ಚಾ ತರಿಸಿದೆ, ಅರ್ಧ ಕುಡಿದು ಪಕ್ಕಕ್ಕಿಟ್ಟೆ. ಪೇಪರು ಬಿಚ್ಚಿದೆ, ಮೊದಲ ಸುದ್ದಿಯ ನಡುವೆ ಎದ್ದೆ. ಮದುವೆಯಾದಾಗಿನಿಂದ ಹೆಂಡತಿ, ನೀವು ಒಂದು ಲೋಟ ಚಾ ಪೂರ್ತಿ ಕುಡಿದದ್ದನ್ನು ನಾನು ನೋಡಿಲ್ಲ ಎಂದು ಗೇಲಿ ಮಾಡುತ್ತಾಳೆ. ನಾನೂ ನಗುತ್ತಿದ್ದೆ. ಅವತ್ತು ಆ ಅರ್ಧ ಲೋಟ ನೋಡಿ ನಗು ಬರಲಿಲ್ಲ. ಅಪ್ಪ ನನಗೆ ಕೊಟ್ಟದ್ದನ್ನು ನಾನು ಹಾಗೇ ಮಗಳಿಗೆ ದಾಟಿಸಿದ್ದೆ, ಅದೂ ಸಕ್ಕರೆ ಹಾಕಿ.

ಬೇಸಿನ್ ಪಕ್ಕದ ಟೇಬಲಿಗೆ ಅವತ್ತೇ 'ರಿಸರ್ವ್ಡ್' ಬೋರ್ಡ್ ಇಟ್ಟೆ. ಹುಟ್ಟುಹಬ್ಬದ ಪಾರ್ಟಿಗಳಿಗೆಂದು ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಬೋರ್ಡು ಅದು. ಎಂಥ ಗದ್ದಲವಿದ್ದರೂ ಅಲ್ಲಿ ಯಾರನ್ನೂ ಕೂರಿಸಬಾರದೆಂದು ಹುಡುಗರಿಗೆಲ್ಲ ತಾಕೀತು ಮಾಡಿದೆ. ಮಗಳಿಗೆ ಹೇಳಿದೆ, "ಇದು ನಿನ್ನ ಟೇಬಲ್. ಯಾರು ಬಂದ್ರೂ ಏಳ್ಬೇಡ. ಪಪ್ಪಾ ಬಂದ್ರೂ ಏಳ್ಬೇಡ. ಗೊತ್ತಾಯ್ತಾ?" ಅವಳು ತಲೆಯಾಡಿಸಿದಳು. ಅವಳು ಎಲ್ಲದಕ್ಕೂ ತಲೆಯಾಡಿಸುತ್ತಾಳೆ, ಜಾಣ ಮಗಳಲ್ಲವೇ.

ಆಮೇಲೆ ಊಟದ ಹೊತ್ತಿನಲ್ಲಿ ನಾನು ಗಲ್ಲಾ ಬಿಟ್ಟು ಏಳಲಿಲ್ಲ. ಏಳದಿರುವುದು ಎಷ್ಟು ಕಷ್ಟ ಎಂದು ಹೋಟೆಲಿನವರಿಗೇ ಗೊತ್ತು. ಕಣ್ಣೆದುರು ಎಂಜಲು ತಟ್ಟೆ ಬಿದ್ದಿರುತ್ತದೆ, ಜನ ನಿಂತಿರುತ್ತಾರೆ, ಕಾಲು ತಾನಾಗಿ ನೆಲ ಒತ್ತುತ್ತದೆ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕುಳಿತೆ. ಮೊದಲ ದಿನಗಳಲ್ಲಿ ಬಾಗಿಲು ತೆರೆದಾಗಲೆಲ್ಲ ಅವಳ ಕೈ ಡಬ್ಬಿಗೆ ಹೋಗುತ್ತಿತ್ತು. ಆಮೇಲೆ ಹೋಗಿ, ಅಲ್ಲೇ ಸ್ವಲ್ಪ ನಿಂತು, ವಾಪಸು ಬರತೊಡಗಿತು. ಒಂದು ಮಧ್ಯಾಹ್ನ ಆನೆಗೆ ಬಾಲವೊಂದು ಬಿಟ್ಟು ಎಲ್ಲ ಬಂತು. ಬಾಲದ ತುಂಡನ್ನು ಕೈಯಲ್ಲಿ ಹಿಡಿದು ಅವಳು ಬಾಗಿಲ ಕಡೆ ನೋಡುತ್ತ ಕುಳಿತಿದ್ದಳು. ಅಷ್ಟರಲ್ಲಿ ಹಾಲಿನವನು ಬಿಲ್ಲು ಹಿಡಿದು ಒಳಗೆ ಬಂದ. ಆನೆ ಮತ್ತೆ ಡಬ್ಬಿಗೆ ಹೋಯಿತು. ಆದರೂ ನನಗೆ ಆಸೆ ಹುಟ್ಟಿತ್ತು. ಟೀಚರಿಗೆ ತೋರಿಸಬೇಕಾದ ದಿನ ಇನ್ನೂ ಸ್ವಲ್ಪ ದೂರವಿತ್ತು.

ಇನ್ನು ಆಮೇಲಿನ ಒಂದು ಭಾನುವಾರದ ಸಂಜೆ. ಇಲ್ಲಿ ಭಾನುವಾರ ಸಂಜೆ ಮನೆಮನೆಯ ಒಲೆಗೂ ರಜೆ. ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಇಡೀ ಕುಟುಂಬ ದೋಸೆ ತಿನ್ನಲು ಬರುತ್ತದೆ. ನಮ್ಮ ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳು ತುಂಬಿ, ಜನ ಫುಟ್‌ಪಾತಿನವರೆಗೂ ನಿಂತಿದ್ದರು. ಒಳಗೆ ಬೇಸಿನ್ ಪಕ್ಕದಲ್ಲಿ ಬೋರ್ಡಿನ ಹಿಂದೆ ಮಗಳು ಕುಳಿತಿದ್ದಳು. ಎರಡು ಕುರ್ಚಿಯ ಟೇಬಲನ್ನು ಐದು ವರ್ಷದ ಹುಡುಗಿ ಹಿಡಿದುಕೊಂಡಿರುವುದನ್ನು ಜನ ಗಾಜಿನಾಚೆಯಿಂದ ನೋಡುತ್ತಿದ್ದರು. ಒಬ್ಬರು ಕೇಳಿಯೇ ಬಿಟ್ಟರು. ಬುಕ್ ಆಗಿದೆ ಎಂದೆ. ಯಾರಿಗೆ ಎಂದರು. ನಾನು ಚಿಲ್ಲರೆ ಎಣಿಸತೊಡಗಿದೆ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕಾಣಿಸಿಕೊಂಡು, ಹಾಗೇ ಇರಿ ಎಂದು ಕಣ್ಣಲ್ಲೇ ಹೇಳಿದಳು.

ಆನೆಗೆ ನಾಲ್ಕು ಕಾಲೂ ಬಂದಿದ್ದವು. ದಂತವೂ ಬಂತು. ಆಗ ಒಬ್ಬ ಮುದುಕಿ ಮಗನ ತೋಳು ಹಿಡಿದು ಕೈ ತೊಳೆಯಲೆಂದು ಬೇಸಿನ್ ಹತ್ತಿರ ಬಂದರು. ಅವರ ಕುಟುಂಬಕ್ಕೆ ಇನ್ನೂ ಟೇಬಲ್ ಸಿಕ್ಕಿರಲಿಲ್ಲ. ಕೈ ತೊಳೆದವರು ಗೋಡೆಗೆ ಒರಗಿ ಅಲ್ಲೇ ನಿಂತರು. ಕಾಲು ನೋಯುತ್ತಿತ್ತೆಂದು ಕಾಣುತ್ತದೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ಮಗಳು ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಅವಳಿಗೆ ಏನೂ ಕಾಣಬಾರದೆಂದು ನಾನು ಬಿಲ್ಲಿನ ಮಷಿನ್ನಿನ ಕಡೆ ತಿರುಗಿಕೊಂಡೆ. ಮುಗಿಸು ಪುಟ್ಟಾ, ಒಂದೇ ಒಂದು ಸಲ ಮುಗಿಸಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಿಂತ ಮುದುಕಿಯ ನೆನಪಾಗಿ ಅದಕ್ಕೂ ನಾಚಿಕೆಯಾಯಿತು.

ತಿರುಗಿ ನೋಡಿದಾಗ ಟೇಬಲ್ ಖಾಲಿ. ಬೋರ್ಡು ಮಗಳ ಕಂಕುಳಲ್ಲಿತ್ತು. "ಬೇಸೋ ಬಾ, ಬೇಸೋ," ಕೂತ್ಕೊಳ್ಳಿ ಅಜ್ಜಿ ಎಂದು ಗುಜರಾತಿಯಲ್ಲಿ ಹೇಳುತ್ತ, ಆ ಮುದುಕಿಯ ಸೆರಗು ಹಿಡಿದು ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಮುದುಕಿ ಅವಳ ತಲೆ ಸವರಿ ಏನೋ ಆಶೀರ್ವಾದ ಮಾಡಿದರು. ಸುತ್ತಲಿನ ಟೇಬಲುಗಳವರು ನಕ್ಕರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅವಳು ಮಾಡಿದ್ದರಲ್ಲಿ ತಪ್ಪು ಹುಡುಕಲು ನನ್ನಿಂದಾಗುವುದಿಲ್ಲ. ಯಾವ ತಂದೆಯಾದರೂ ಮಗಳು ಹೀಗಿರಲಿ ಎಂದೇ ಬಯಸುತ್ತಾನೆ. ಆದರೆ ಅವಳು ಎದ್ದದ್ದು ಆ ಅಜ್ಜಿಯ ಕಾಲು ನೋಡಿಯೋ, ನಾನು ಕಲಿಸಿದ್ದಕ್ಕೋ ಎಂಬುದು ಇನ್ನು ನನಗೆ ಯಾವತ್ತೂ ತಿಳಿಯದ ಹಾಗೆ ಮಾಡಿಟ್ಟವನು ನಾನೇ.

ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಜನರ ನಡುವೆ ನುಸುಳುತ್ತ ಅವಳು ಗಲ್ಲಾಕ್ಕೆ ಬಂದಳು. ಮುಖ ಅರಳಿತ್ತು.

"ಪಪ್ಪಾ, ಟೇಬಲ್ ಆಯ್ತು," ಎಂದು ಅಂಗೈ ಚಾಚಿದಳು.

ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ನಾನು ಯೋಚಿಸುತ್ತಿದ್ದೆ. ನೋಡಿದರೆ ನನ್ನ ಕೈ ಆಗಲೇ ಸೋಂಪಿನ ಬಟ್ಟಲಿನಲ್ಲಿತ್ತು.